ಅಣ್ಣ ತಂದ ಜೀಪು

ಜೆಂಗಿಶ್ ಆ ಕರಿ ಜೀಪನ್ನು ತಂದು ಅಂಗಳದಲ್ಲಿ ನಿಲ್ಲಿಸಿದಾಗ ಮನೆಯವರೆಲ್ಲ ಹೊರಗೆ ಬಂದರು, ಕಲಿಚಾ ಒಬ್ಬಳನ್ನು ಬಿಟ್ಟು. ಮುದುಕಿ ಕಿಟಕಿಯ ಪರದೆ ಸರಿಸಿ ಒಂದು ಸಲ ನೋಡಿದಳು, ಮತ್ತೆ ಕೂತು ಪಲಾವಿಗೆ ಕ್ಯಾರೆಟ್ ಹೆಚ್ಚತೊಡಗಿದಳು. ಸೊಸೆಯ ತವರಿನಿಂದ ಬಂದ ಯಾವುದನ್ನೂ ಅವಳು ಮೊದಲ ದಿನವೇ ಮೆಚ್ಚಿದವಳಲ್ಲ.

ಜೆಂಗಿಶ್ ಸೊಸೆ ಬುರುಲ್‌ಳ ಅಣ್ಣ. ಅಮೆರಿಕದ ಹಳೇ ಗಾಡಿಗಳು ಬಂದು ಸೇರುವ ಜಾರ್ಜಿಯಾ ದೇಶದ ಸಂತೆಯಿಂದ ಕಾರು, ಜೀಪು ತಂದು ಮಾರುವುದು ಅವನ ಕಸುಬು. ಅವರೆಲ್ಲ ಇರುವ ಬಿಷ್ಕೆಕ್ ನಗರದಲ್ಲಿ ಅರ್ಧ ಊರು ಇದೇ ಕಸುಬಿನಲ್ಲಿದೆ. ಉಳಿದರ್ಧ ಊರು ಅವರನ್ನು ಬೈದುಕೊಂಡು ಅವರ ಹತ್ತಿರವೇ ಗಾಡಿ ಕೊಳ್ಳುತ್ತದೆ.

"ಬನ್ನಿ ಭಾವ, ಕೂತ್ಕೊಳ್ಳಿ. ನಿಮಗೇ ಅಂತ ತೆಗೆದಿಟ್ಟಿದ್ದು," ಎಂದು ಜೆಂಗಿಶ್ ತಂಗಿಯ ಗಂಡನಿಗೆ ಬಾಗಿಲು ತೆರೆದ.

ಕುಬಾತ್ ಕೂತ. ಸೀಟು ತಾನಾಗಿ ಮುಂದಕ್ಕೆ ಸರಿದು, ಸೊಂಟವನ್ನು ಮೆಲ್ಲಗೆ ಹಿಡಿದುಕೊಂಡಿತು. ಹದಿನಾಲ್ಕು ವರ್ಷದಿಂದ ಬಿಷ್ಕೆಕ್–ನರಿನ್ ದಾರಿಯಲ್ಲಿ ಹಳೇ ವ್ಯಾನು ಓಡಿಸಿ ಅವನ ಬೆನ್ನು ಮರಗಟ್ಟಿತ್ತು. ಅವನು ಸ್ಟೇರಿಂಗಿನ ಮೇಲೆ ಕೈ ಸವರಿದ. ಗಾಡಿ ಅವನ ಮನಸ್ಸಿಗೆ ಹಿಡಿಸಿತೆಂದು ಅಷ್ಟರಲ್ಲೇ ಬುರುಲ್‌ಗೆ ಅರ್ಥವಾಯಿತು.

"ಇದನ್ನ ಮೊದಲು ಯಾರು ಓಡಿಸ್ತಿದ್ರು?" ಎಂದು ಕುಬಾತ್ ಕೇಳಿದ.

"ಅಮೆರಿಕದಲ್ಲಿ ಒಬ್ಬ ಡಾಕ್ಟರ ಹೆಂಡ್ತಿ. ತರಕಾರಿ ತರೋಕೆ ಹೋಗಿದ್ದು ಬಿಟ್ರೆ ಗೇಟು ದಾಟಿಲ್ಲ."

ಕಿಟಕಿಯೊಳಗಿಂದ ಕಲಿಚಾಳ ದನಿ ಬಂತು. "ನೀನು ತರೋ ಗಾಡಿಗೆಲ್ಲ ಡಾಕ್ಟರ ಹೆಂಡ್ತೀನೇ ಸಿಕ್ತಾಳಲ್ಲಪ್ಪ! ಆ ದೇಶದಲ್ಲಿ ಬೇರೆ ಯಾರೂ ಗಾಡಿ ಓಡಿಸಲ್ವೇನು?"

ಜೆಂಗಿಶ್ ನಕ್ಕ. "ದುಡ್ಡಿನ ಮಾತು ಈಗ ಬೇಡಮ್ಮ. ಈ ತಿಂಗಳು ಪೂರ್ತಿ ಓಡಿಸಲಿ. ಹಿಡಿಸಿದ್ರೆ ಇಟ್ಕೊಳ್ಳಿ, ಇಲ್ದಿದ್ರೆ ಕೀ ವಾಪಸ್ ಕೊಡಿ. ತಂಗಿ ಮನೆಗೆ ಮೋಸ ಮಾಡ್ತೀನಾ ನಾನು?"

ಹಿಂದಿನ ಚಳಿಗಾಲದಲ್ಲಿ ಕುಬಾತನ ವ್ಯಾನು ದೋಲೋನ್ ಘಾಟಿಯ ತುದಿಯಲ್ಲಿ ನಿಂತುಬಿಟ್ಟಿತ್ತು. ಒಳಗೆ ಪ್ರಯಾಣಿಕರು, ಅವರಲ್ಲಿ ಒಬ್ಬಳ ಮಡಿಲಲ್ಲಿ ಹಸುಗೂಸು. ಹೊರಗೆ ಬೀಸುವ ಹಿಮ. ಸ್ಟೆಪ್ನಿ ಟೈರಿಗೆ ಬೆಂಕಿ ಹಚ್ಚಿ, ಅದರ ಕಾವಿನಲ್ಲಿ ಎಲ್ಲರೂ ಲಾರಿಯೊಂದು ಬರುವವರೆಗೆ ಉಳಿದುಕೊಂಡಿದ್ದರು. ಮನೆಗೆ ಬಂದ ಕುಬಾತ್ ಒಂದು ವಾರ ಸರಿಯಾಗಿ ಊಟ ಮಾಡಿರಲಿಲ್ಲ. ಇನ್ನು ಕೊಂಡರೆ ಘಾಟಿಯಲ್ಲಿ ಕೈ ಬಿಡದ ಗಾಡಿಯನ್ನೇ ಕೊಳ್ಳುವುದೆಂದು ಅವನು ಆಗಲೇ ಆಣೆ ಮಾಡಿದ್ದ. ಜೀಪಾದರೆ ಬೇಸಿಗೆಯಲ್ಲಿ ಸೋನ್-ಕೋಲ್ ಸರೋವರಕ್ಕೆ ಹೋಗುವ ವಿದೇಶಿಯರೂ ಸಿಗುತ್ತಿದ್ದರು.

ಆದರೆ ಜೀಪು ಕೊಳ್ಳಬೇಕಾದರೆ ಎರಡು ಗಂಟು ಬಿಚ್ಚಬೇಕಿತ್ತು. ಒಂದು, ನರಿನ್‌ನಲ್ಲಿ ಕಲಿಚಾ ತನ್ನ ತಮ್ಮನ ಹತ್ತಿರ ಬಿಟ್ಟಿದ್ದ ಹೆಣ್ಣುಕುದುರೆಗಳು. ಇನ್ನೊಂದು, ಬುರುಲ್ ಹೊಲಿಗೆ ಕಾರ್ಖಾನೆಯಲ್ಲಿ ದುಡಿದು ಸ್ವಂತ ಮಿಷನ್‌ಗಳಿಗೆಂದು ಕೂಡಿಟ್ಟದ್ದು.

"ನನ್ನ ಕುದುರೆ ಕಣ್ಣಿಗೆ ಕಾಣುತ್ತೆ, ಹುಲ್ಲು ತಿನ್ನುತ್ತೆ, ಮರಿ ಹಾಕುತ್ತೆ. ನಿನ್ನ ಜೀಪು ಏನು ಹಾಕುತ್ತೆ?" ಎಂದು ಕಲಿಚಾ ಊಟದ ಹೊತ್ತಿಗೆ ಮಗನನ್ನು ಕೇಳಿದಳು.

"ಹೊಗೆ," ಎಂದಳು ಕಾಲೇಜಿಗೆ ಹೋಗುವ ಮೊಮ್ಮಗಳು ಮೇರಿಮ್.

"ನೀನು ಸುಮ್ನೆ ತಿನ್ನು," ಎಂದ ಕುಬಾತ್.

ಮೊದಲ ವಾರವೇ ಅವನು ಜೀಪನ್ನು ಮೆಕ್ಯಾನಿಕ್ ಯೂರಾನ ಹತ್ತಿರ ಒಯ್ದ. ಯೂರಾ ಗಾಡಿಯನ್ನು ಮೇಲೆತ್ತಿ, ಕೆಳಗೆ ಓಡಾಡಿ, ಬಾನೆಟ್ ತೆಗೆದು ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ಕೈ ಒರೆಸಿಕೊಂಡ.

"ಇವತ್ತಿಗೆ ಚೆನ್ನಾಗಿದೆ."

"ಇನ್ನು ಐದು ವರ್ಷ?"

"ಮದುವೆ ದಿನ ಬಂದು, ಈ ಹೆಂಡ್ತಿ ಐದು ವರ್ಷ ಇರ್ತಾಳಾ ಅಂತ ಕೇಳಿದ್ರೆ ನಾನೇನು ಹೇಳ್ಲಿ? ಇದರ ಇಂಜಿನ್ನು ಗಟ್ಟಿ. ಉಳಿದಿದ್ದೆಲ್ಲ ವೈರು, ಗಾಳಿಚೀಲ, ಕಂಪ್ಯೂಟರು. ಅದು ಸತ್ರೆ ಇಂಜಿನ್ನು ಗಟ್ಟಿ ಇದ್ದು ಏನು ಪ್ರಯೋಜನ? ಎಡಗಡೆ ಬಾಗಿಲಿನ ಮೋಟರು ಹೊಸದು ಹಾಕಿದ್ದಾರೆ. ಯಾಕೆ ಅಂತ ಕೇಳು."

ಕುಬಾತ್ ಜೆಂಗಿಶ್‌ಗೆ ಫೋನು ಮಾಡಿ ಕೇಳಿದ. ಡಾಕ್ಟರ ಮಗ ಗಾಜು ಏರಿಸಿ ಇಳಿಸಿ ಆಟವಾಡಿ ಹಾಳು ಮಾಡಿದ್ದನಂತೆ.

"ಗೇಟೇ ದಾಟದ ಗಾಡಿಗೆ ಈಗ ಮಗ ಬೇರೆ ಹುಟ್ಟಿದ. ಬರೋ ವಾರ ಮೊಮ್ಮಕ್ಕಳೂ ಆಗ್ತಾರೆ," ಎಂದಳು ಕಲಿಚಾ.

ಬುರುಲ್ ಚಹಾದ ಬಟ್ಟಲನ್ನು ಸ್ವಲ್ಪ ಜೋರಾಗಿಯೇ ಕೆಳಗಿಟ್ಟಳು. "ಅತ್ತೆ, ನಿಮಗೆ ಸಿಟ್ಟಿರೋದು ಗಾಡಿ ಮೇಲಲ್ಲ, ನಮ್ಮಣ್ಣನ ಮೇಲೆ."

"ಸಿಟ್ಟು ಯಾಕಮ್ಮ? ಮದುವೇಲಿ ಅವನು ಕೊಟ್ಟ ಫ್ರಿಜ್ಜು ಮೂರು ತಿಂಗಳು ತಣ್ಣಗಿತ್ತು. ಆಮೇಲೆ ಅದರಲ್ಲಿ ಹಿಟ್ಟು ತುಂಬಿಟ್ಟಿದೀನಿ. ಹಿಟ್ಟಿನ ಡಬ್ಬ ಅಂತ ಕೊಟ್ಟಿದ್ರೆ ನಾನೇನೂ ಅಂತಿರಲಿಲ್ಲ."

ಮೇರಿಮ್ ನಗು ತಡೆಯಲಾರದೆ ಎದ್ದುಹೋದಳು. ಬುರುಲ್‌ಗೆ ನಗು ಬರಲಿಲ್ಲ. ಅಣ್ಣನ ಬಗ್ಗೆ ಅತ್ತೆ ಆಡಿದ ಮಾತೆಲ್ಲ ಅವಳಿಗೂ ಗೊತ್ತಿದ್ದದ್ದೇ. ಆದರೆ ಗಂಡನ ಮನೆಯಲ್ಲಿ ಕೂತು ಹೌದೆನ್ನುವುದು ಹೇಗೆ?

ಎರಡನೆಯ ವಾರ ಕಾಂತ್‌ನಲ್ಲಿ ನೆಂಟರ ಮನೆ ಮದುವೆ. ಕುಬಾತ್ ಎಲ್ಲರನ್ನೂ ಜೀಪಿನಲ್ಲೇ ಕರೆದೊಯ್ದ. ಹಿಂದಿನ ಸೀಟಿನಲ್ಲಿ ಕಲಿಚಾ ಮೂಗು ಅರಳಿಸಿದಳು.

"ಒದ್ದೆ ಕಂಬಳಿ ವಾಸನೆ."

"ಹೊಸ ಚರ್ಮದ ವಾಸನೆ ಅಮ್ಮ ಅದು."

"ಕುರಿ ಮಧ್ಯೆ ಹುಟ್ಟಿ ಬೆಳೆದೋಳು ನಾನು. ಚರ್ಮ ಯಾವ್ದು, ನೆನೆದ ಉಣ್ಣೆ ಯಾವ್ದು ಅಂತ ನನಗೆ ಹೇಳಿಕೊಡಬೇಡ."

ಅರ್ಧ ದಾರಿಯಲ್ಲಿ ಅವಳ ಪಕ್ಕದ ಗಾಜು ಯಾರೂ ಮುಟ್ಟದೆ ಕೆಳಗಿಳಿಯಿತು. ಕುಬಾತ್ ಗುಂಡಿ ಒತ್ತಿದ, ಮತ್ತೆ ಒತ್ತಿದ. ಗಾಜು ಮೇಲೇಳಲಿಲ್ಲ. ಮುದುಕಿ ತಲೆಗೆ ಶಾಲು ಸುತ್ತಿಕೊಂಡು ಕಾಂತ್ ತಲುಪುವವರೆಗೂ ಗಾಳಿಗೆ ಮುಖ ಕೊಟ್ಟು ಕೂತಳು, ಮಾತಾಡಲಿಲ್ಲ. ಅವಳು ಮಾತಾಡಿದ್ದರೇ ವಾಸಿಯಿತ್ತು ಎಂದು ಎಲ್ಲರಿಗೂ ಅನಿಸಿತು.

ಮದುವೆ ಮನೆಯಲ್ಲಿ ಗಂಡಸರೆಲ್ಲ ಜೀಪನ್ನು ಸುತ್ತಿದರು. ಒಬ್ಬ ಟೈರಿಗೆ ಒದ್ದು ನೋಡಿದ, ಒಬ್ಬ "ನಮ್ಮ ಕುಬಾತ್ ಮಂತ್ರಿ ಆಗ್ಬಿಟ್ಟ" ಎಂದ. ಹಿಂತಿರುಗುವಾಗ ಗಾಜು ತಾನೇ ಏರಿತು. ಕುಬಾತ್ ದಾರಿಯುದ್ದಕ್ಕೂ ಶಿಳ್ಳೆ ಹಾಕಿದ. ಮರುದಿನ ಕನ್ನಡಿಗೆ ಅತ್ತರಿನ ಸಣ್ಣ ಸೀಸೆಯೊಂದನ್ನು ಕಟ್ಟಿದ.

ಮೇರಿಮ್ ಗಾಡಿಯ ನಂಬರನ್ನು ಫೋನಿನಲ್ಲಿ ಹುಡುಕಿದಳು. ಸಿಕ್ಕಿದ್ದು ಅಮೆರಿಕದಲ್ಲಿ ಅದು ಮೊದಲಿದ್ದ ಊರಿನ ಹೆಸರೊಂದೇ. ಅದು ಸಮುದ್ರದ ದಂಡೆಯ ಊರು. "ನೋಡಪ್ಪ, ಆ ಊರಿಗೆ ಬಿರುಗಾಳಿ ಬಂದು ನೀರು ನುಗ್ಗಿತ್ತಂತೆ," ಎಂದು ಚಿತ್ರ ತೋರಿಸಿದಳು. ಚಿತ್ರದಲ್ಲಿ ಮನೆಗಳ ಮಾಡು ಮಾತ್ರ ಕಾಣುತ್ತಿತ್ತು.

"ಊರು ಮುಳುಗಿದ್ರೆ ಊರಿನ ಎಲ್ಲ ಗಾಡೀನೂ ಮುಳುಗುತ್ತಾ? ಮೊದಲೇ ಮಾರಿರಬಹುದು. ಬೇರೆ ಊರಿಗೆ ಹೋಗಿರಬಹುದು. ನಿಮಗೆಲ್ಲ ನಾನು ಒಂದು ಒಳ್ಳೇ ಗಾಡೀಲಿ ಕೂರೋದು ನೋಡೋಕಾಗಲ್ಲ," ಎಂದು ಕುಬಾತ್ ಕೂಗಾಡಿದ. ಅದೇ ವಾರ ನರಿನ್‌ಗೆ ಫೋನು ಮಾಡಿ, ಕುದುರೆಗೆ ಗಿರಾಕಿ ನೋಡುವಂತೆ ಸೋದರಮಾವನಿಗೆ ಹೇಳಿದ. ಕಲಿಚಾ ಬೇಡವೆನ್ನಲಿಲ್ಲ. ಘಾಟಿಯಿಂದ ಬಂದ ಮಗನ ಮುಖ ಅವಳಿಗೂ ನೆನಪಿತ್ತು.

ಭಾನುವಾರ ಬೆಳಿಗ್ಗೆ ಅವನು ಬುರುಲ್‌ಗೆ ಹೇಳಿದ. "ಸೀಟಿಗೆ ಗಟ್ಟಿ ಬಟ್ಟೆಯ ಕವರು ಹೊಲಿದುಕೊಡು. ಪ್ಯಾಸೆಂಜರು ಕೂತು ಚರ್ಮ ಹಾಳಾಗಬಾರದು."

ಬುರುಲ್ ಟೇಪು ಹಿಡಿದು ಹೊರಟಳು. ಹಿಂದಿನ ಸೀಟಿನ ಅಂಚನ್ನು ಅಳೆಯುವಾಗ ಬೆರಳು ನಿಂತಿತು. ಹೊಲಿಗೆಯ ಪಕ್ಕದಲ್ಲೇ ಇನ್ನೊಂದು ಸಾಲು ಖಾಲಿ ತೂತುಗಳು. ಚರ್ಮವನ್ನು ಒಮ್ಮೆ ಬಿಚ್ಚಿ, ಮತ್ತೆ ಹೊಲಿದಿದ್ದಾರೆ. ತರಕಾರಿ ತರಲು ಹೋಗುತ್ತಿದ್ದ ಗಾಡಿಯ ಸೀಟನ್ನು ಯಾರು, ಯಾಕೆ ಬಿಚ್ಚಿದರು? ಒಣಗಿಸಲಿಕ್ಕೇ?

ಅವಳು ಸುತ್ತ ನೋಡಿದಳು. ಸೀಟು ಬೆಲ್ಟನ್ನು ಹಿಡಿದು ಎಳೆದಳು. ಎಳೆಯುತ್ತಲೇ ಹೋದಳು. ಬುಡದ ಹತ್ತಿರ, ಯಾರೂ ಎಂದೂ ಎಳೆಯದ ಕಡೆ, ಕಪ್ಪು ಪಟ್ಟಿಯ ಮೇಲೆ ಅಡ್ಡಲಾಗಿ ಕಂದು ಗೆರೆ. ಗೆರೆಯ ಕೆಳಗೆಲ್ಲ ಕೆಸರಿನ ಬಣ್ಣ. ಉಗುರಿನಿಂದ ಕೆರೆದರೆ ನುಣ್ಣನೆಯ ಮರಳು ಬಂತು. ನೀರು ನಿಂತು ಬಿಟ್ಟುಹೋದ ಗುರುತು ಅದು.

ಬೆಲ್ಟನ್ನು ಬಿಟ್ಟಳು. ಅದು ಸರ್ರನೆ ಒಳಗೆ ಹೋಯಿತು.

ಆ ಮಧ್ಯಾಹ್ನ ಲಗ್ಮಾನ್ ಶಾವಿಗೆಗೆ ಎರಡು ಸಲ ಉಪ್ಪು ಬಿತ್ತು. "ಸೊಸೆ ಮನಸ್ಸು ಎಲ್ಲಿದೆಯೋ," ಎಂದಳು ಕಲಿಚಾ.

ಮರುದಿನ ಅವಳು ಕಾರ್ಖಾನೆಗೆ ಹೋಗದೆ ಮಿನಿಬಸ್ಸು ಹತ್ತಿ ತೊಕ್ಮೋಕ್‌ಗೆ, ತವರಿಗೆ ಹೋದಳು. ಜೆಂಗಿಶ್ ಮನೆಯಲ್ಲೇ ಇದ್ದ. ಅಮ್ಮ ಚಹಾ ಸುರಿದಳು.

"ಅಣ್ಣ, ಅದು ನೀರಲ್ಲಿ ಮುಳುಗಿದ್ದ ಗಾಡಿ. ನಿಂಗೆ ಗೊತ್ತಿತ್ತಾ?"

ಜೆಂಗಿಶ್ ಇಲ್ಲವೆನ್ನಲಿಲ್ಲ. "ಫೋಟೋ ನೋಡಿ ತಗೊಂಡಿದ್ದು. ಇಲ್ಲಿಗೆ ಬಂದ ಮೇಲೆ ಗೊತ್ತಾಯ್ತು. ನನಗೂ ಮೋಸ ಆಗಿದೆ ಬುರುಲ್."

"ಅದಕ್ಕೆ ನಮಗೆ ದಾಟಿಸ್ತೀಯಾ?"

"ಓಡ್ತಿದೆಯಲ್ಲ! ಎಲ್ಲ ಬಿಚ್ಚಿ ಒಣಗಿಸಿದೀನಿ. ನಾಲ್ಕೈದು ವರ್ಷ ಏನೂ ಆಗದೇ ಇರಬಹುದು."

"ನಾಳೇನೇ ಆಗಬಹುದು. ಘಾಟೀಲಿ ಆಗಬಹುದು. ಅವರು ಹೋದ ವರ್ಷ ಟೈರು ಸುಟ್ಟು ಬದುಕಿ ಬಂದಿದ್ದು ಮರೆತುಹೋಯ್ತಾ?"

"ಹಾಗಾದ್ರೆ ಬಣ್ಣ ಹಿಡಿಸಲಿಲ್ಲ ಅಂತ ಹೇಳಿ ವಾಪಸ್ ಕಳ್ಸು. ಬೇರೆಯವರಿಗೆ ಕೊಡ್ತೀನಿ. ಆದ್ರೆ ಬಾಯಿ ಬಿಡಬೇಡ. ಒಂದು ಸಲ ಹೆಸರು ಕೆಟ್ರೆ ನನ್ನ ಹತ್ರ ಯಾರೂ ಸೈಕಲ್ಲೂ ತಗೊಳಲ್ಲ."

ಅಮ್ಮ ಮಗಳ ಕೈ ಹಿಡಿದಳು. "ಅಣ್ಣನ ಮಾನವನ್ನ ಗಂಡನ ಮನೆ ಊಟಕ್ಕೆ ಬಡಿಸಬೇಡ ಮಗಳೇ. ಆ ಮುದುಕಿ ಅದನ್ನ ಸಾಯೋ ತನಕ ಅಗೀತಾಳೆ."

ಸಂಜೆ ಬುರುಲ್ ಮನೆಗೆ ಬಂದಾಗ ಮೂವರೂ ನೆಲಕ್ಕೆ ಹಾಸಿದ ಊಟದ ಬಟ್ಟೆಯ ಸುತ್ತ ಕೂತಿದ್ದರು. ಯಾರೂ ರೊಟ್ಟಿ ಮುರಿದಿರಲಿಲ್ಲ.

"ಕಾರ್ಖಾನೆಗೆ ಫೋನು ಮಾಡಿದ್ದೆ. ನೀನು ಇರಲಿಲ್ಲ," ಎಂದ ಕುಬಾತ್.

"ತೊಕ್ಮೋಕ್‌ಗೆ ಹೋಗಿದ್ದೆ."

"ಯಾರಿಗೂ ಹೇಳದೆ? ಕುದುರೆಗೆ ಗಿರಾಕಿ ಸಿಕ್ಕಿದ ದಿನಾನೇ?" ಅವನ ದನಿ ಏರಿತು. "ಅಣ್ಣ ತಂಗಿ ಏನು ಲೆಕ್ಕ ಹಾಕಿದ್ರಿ? ನಿನ್ನ ಪಾಲು ಎಷ್ಟು?"

"ಅಪ್ಪಾ!" ಎಂದಳು ಮೇರಿಮ್.

ಬುರುಲ್ ಕೋಟನ್ನೂ ಬಿಚ್ಚದೆ ನಿಂತಿದ್ದಳು. ದಾರಿಯುದ್ದಕ್ಕೂ ಬಣ್ಣ ಹಿಡಿಸಲಿಲ್ಲ ಎಂಬ ಮಾತನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಪಾಲು ಎಂದ ಕೂಡಲೇ ಅದು ಗಂಟಲಲ್ಲೇ ಸತ್ತಿತು.

"ನನ್ನ ಪಾಲು ಬೇಕಾ? ಬನ್ನಿ, ತೋರಿಸ್ತೀನಿ."

ಅಂಗಳದಲ್ಲಿ ಅವಳು ಬೆಲ್ಟನ್ನು ಬುಡದವರೆಗೂ ಎಳೆದು ಹಿಡಿದಳು. ಮೇರಿಮ್ ಫೋನಿನ ಬೆಳಕು ಬಿಟ್ಟಳು. ಕುಬಾತ್ ಗೆರೆಯನ್ನು ನೋಡಿದ, ಬೆರಳಿಂದ ಉಜ್ಜಿದ, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ಡ್ರೈವರ್ ಸೀಟಿನ ಕಡೆ ಒಮ್ಮೆ ನೋಡಿದ. ಅವನ ಮುಖ ನೋಡಿ ಬುರುಲ್‌ಗೆ ಸಿಟ್ಟೂ ಬಂತು, ಕನಿಕರವೂ ಬಂತು.

"ಅಣ್ಣಂಗೆ ಗೊತ್ತಿತ್ತು. ನನಗೆ ನಿನ್ನೆ ಗೊತ್ತಾಯ್ತು. ಈಗ ನನ್ನ ತವರಿನವರನ್ನ ಎಷ್ಟು ಬೈತೀರೋ ಬೈಯಿರಿ ಅತ್ತೆ," ಎಂದಳು.

ಕಲಿಚಾ ಬಾಗಿಲಲ್ಲಿ ನಿಂತಿದ್ದಳು. ಎಲ್ಲರೂ ಕಾದರು.

"ಸೂಪು ಆರಿಹೋಗ್ತಿದೆ. ಒಳಗೆ ಬಾ," ಎಂದಳು ಮುದುಕಿ.

ಕುದುರೆ ಮಾರುವುದು ಬೇಡವೆಂದು ಕುಬಾತ್ ಸೋದರಮಾವನಿಗೆ ಹೇಳಿದ, ಜೀಪು ಬೇಡವೆಂದು ಜೆಂಗಿಶ್‌ಗೆ. ಜೀಪನ್ನು ಒಯ್ಯಲು ಜೆಂಗಿಶ್ ಕೂಡಲೇ ಬರಲಿಲ್ಲ. ಬಂದಾಗ ಒಬ್ಬನೇ ಬರಲಿಲ್ಲ. ಜೊತೆಗೆ ಘಾಟಿ ದಾರಿಯ ಕೊಚ್ಕೋರ್ ಊರಿನ ದೋರಾನ್ ಎಂಬ ಹಿರಿಯ, ಬಿಳಿ ಟೋಪಿ ಹಾಕಿದವನು, ಮತ್ತು ಅವನ ಗರ್ಭಿಣಿ ಸೊಸೆ. ಮಗ ರಷ್ಯಾದಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದಾನೆ, ಹಿಂತಿರುಗಿ ಬಂದು ಗಾಡಿ ಓಡಿಸುತ್ತಾನೆ, ಅದಕ್ಕೇ ಜೀಪು ಎಂದು ಹಿರಿಯ ತಾನೇ ಹೇಳಿಕೊಂಡ.

"ಇದು ನನ್ನ ತಂಗಿ ಮನೆ," ಎಂದ ಜೆಂಗಿಶ್. "ತಿಂಗಳು ಪೂರ್ತಿ ಇವರೇ ಓಡಿಸಿದ್ದಾರೆ, ಒಂದು ಮೊಳೆ ಸಡಿಲ ಆಗಿಲ್ಲ. ದುಡ್ಡು ಹೊಂದಲಿಲ್ಲ ಅಂತ ಬಿಡ್ತಿದ್ದಾರೆ, ಅಷ್ಟೆ."

ಕುಬಾತ್ ನೆಲ ನೋಡಿದ. ಹೆಂಡತಿಯ ಅಣ್ಣನನ್ನು ಪರರೆದುರು ಸುಳ್ಳುಗಾರ ಎನ್ನಲು ಅವನಿಗೆ ನಾಲಗೆ ಏಳಲಿಲ್ಲ. ಹಿರಿಯ ಜೀಪನ್ನು ಸುತ್ತಿ ಬಂದ, ಗಾಜಿಗೆ ಹಣೆ ಒತ್ತಿ ಒಳಗೆ ನೋಡಿದ. ಕೊನೆಗೆ ಚಹಾದ ಬಟ್ಟಲು ಹಿಡಿದು ಬಂದ ಬುರುಲ್‌ಳ ಕಡೆ ತಿರುಗಿದ.

"ಗಂಡಸರು ಗಾಡಿ ವಿಷಯದಲ್ಲಿ ಸುಳ್ಳು ಹೇಳ್ತಾರೆ ಮಗಳೇ. ನೀನು ಹೇಳು. ಘಾಟಿ ಹತ್ತುತ್ತಾ ಇದು?"

ಜೆಂಗಿಶ್ ತಂಗಿಯನ್ನು ನೋಡಿ ನಕ್ಕ. ಚಿಕ್ಕಂದಿನಲ್ಲಿ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಚೂ ನದಿ ದಾಟಿಸುತ್ತಿದ್ದವನು ಅವನೇ. ಬುರುಲ್ ಒಂದು ಬಟ್ಟಲನ್ನು ಹಿರಿಯನತ್ತ ಚಾಚಿದಳು.

"ಹತ್ತಬಹುದು ತಾತ. ಇಳಿಯುತ್ತೆ ಅಂತ ಹೇಳಲಾರೆ," ಎಂದಳು. "ನೀರಲ್ಲಿ ಮುಳುಗಿದ್ದ ಗಾಡಿ ಇದು. ಅದಕ್ಕೇ ನಾವು ತಗೊಳ್ಳಲಿಲ್ಲ."

ಹಿರಿಯ ಬಟ್ಟಲು ತೆಗೆದುಕೊಂಡು, ನಿಂತಲ್ಲೇ ಚಹಾ ಕುಡಿದು, "ದೇವರು ನಿನ್ನ ಮಕ್ಕಳನ್ನ ಚೆನ್ನಾಗಿಟ್ಟಿರಲಿ," ಎಂದು ಸೊಸೆಯನ್ನು ಕರೆದುಕೊಂಡು ನಡೆದೇಹೋದ. ಜೆಂಗಿಶ್ ಚಹಾ ಮುಟ್ಟಲಿಲ್ಲ. ಕೀಯನ್ನು ಕುಬಾತನ ಕೈಯಿಂದ ಕಿತ್ತುಕೊಂಡು ಜೀಪು ಹತ್ತಿದ.

"ನನಗೆ ತಂಗಿ ಇಲ್ಲ. ತೊಕ್ಮೋಕ್ ಕಡೆ ತಲೆ ಹಾಕಬೇಡ," ಎಂದ.

ಅಂದಿನಿಂದ ತವರಿನಲ್ಲಿ ಅಮ್ಮ ಫೋನು ಎತ್ತಲಿಲ್ಲ. ಬುರುಲ್ ದಿನವೂ ಕೆಲಸ ಮುಗಿಸಿ ಬಂದು ಒಂದು ಸಲ ಮಾಡುತ್ತಿದ್ದಳು, ಫೋನನ್ನು ಕಪಾಟಿನ ಮೇಲಿಟ್ಟು ಹಿಟ್ಟು ನಾದಲು ಹೋಗುತ್ತಿದ್ದಳು. ಕುಬಾತ್ ವ್ಯಾನಿಗೆ ಹೊಸ ಬ್ಯಾಟರಿ ಹಾಕಿಸಿದ, ಯೂರಾನ ಹತ್ತಿರ ಇಂಜಿನ್ ಬಿಚ್ಚಿಸಿ ಸರಿಮಾಡಿಸಿದ. ಒಂದು ದಿನ ಈರುಳ್ಳಿ ಸುಲಿದುಕೊಡುತ್ತ, ತಲೆ ಎತ್ತದೆ, "ಪಾಲು ಅಂದಿದ್ದು ತಪ್ಪಾಯ್ತು," ಎಂದ.

"ಆಯ್ತು," ಎಂದಳು ಬುರುಲ್. "ಸಣ್ಣಗೆ ಹೆಚ್ಚಿ."

ಮೊದಲ ಹಿಮ ಬಿದ್ದ ಮೇಲೆ ಚಳಿಗಾಲದ ಮಾಂಸಕ್ಕೆ ಕುದುರೆ ಕಡಿದರು. ಪ್ರತಿ ವರ್ಷ ಬೀಗರ ಮನೆಗೆ ಒಂದು ಪಾಲು ಹೋಗುತ್ತಿತ್ತು. ಈ ವರ್ಷ ಯಾರೂ ಆ ಮಾತೆತ್ತಲಿಲ್ಲ. ಕಲಿಚಾ ತಾನೇ ಪಕ್ಕೆಲುಬಿನ ಕೊಬ್ಬಿನ ತುಂಡುಗಳನ್ನು ಆರಿಸಿ, ಬಟ್ಟೆಯಲ್ಲಿ ಕಟ್ಟಿ, ಕೋಟು ತೊಟ್ಟು ವ್ಯಾನಿನಲ್ಲಿ ಕೂತಳು.

"ಎಲ್ಲಿಗೆ ಅತ್ತೆ?"

"ತೊಕ್ಮೋಕ್‌ಗೆ. ನೀನೂ ಹತ್ತು."

"ಬಾಗಿಲು ತೆಗೆಯಲ್ಲ ಅವರು."

"ತೆಗೀದೇ ಇದ್ರೆ ಬೀದಿಯಲ್ಲೇ ಕೂತು ಬೈತೀನಿ. ಬೈಯೋದು ನನಗೆ ಅಭ್ಯಾಸ ಇದೆ."

ಕುಬಾತ್ ವ್ಯಾನಿನಲ್ಲೇ ಉಳಿದ. ಬಾಗಿಲು ತೆಗೆದವನು ಜೆಂಗಿಶ್. ಅವನ ಬೆನ್ನ ಹಿಂದೆ ಅಮ್ಮ. ಯಾರೂ ಒಳಗೆ ಬನ್ನಿ ಎನ್ನಲಿಲ್ಲ.

"ನಿಮ್ಮ ಸೊಸೆ ನನ್ನ ಹೊಟ್ಟೆ ಮೇಲೆ ಹೊಡೆದ್ಲು," ಎಂದ ಜೆಂಗಿಶ್.

"ಪಕ್ಕಕ್ಕೆ ಸರಿ, ಗಂಟು ಭಾರ ಇದೆ." ಕಲಿಚಾ ಗಂಟನ್ನು ನೇರವಾಗಿ ಬೀಗಿತ್ತಿಯ ಕೈಗಿಟ್ಟಳು. "ನೋಡಮ್ಮ, ಇಷ್ಟು ವರ್ಷ ನಿಮ್ಮ ಮನೆಯಿಂದ ಬಂದ ಪ್ರತಿಯೊಂದನ್ನೂ ನಾನು ತಿರುಗಿಸಿ ಮುರುಗಿಸಿ ನೋಡಿದೆ. ಫ್ರಿಜ್ಜನ್ನ ಮಾತ್ರ ಬೈದೆ. ಹುಡುಗೀನ ಒಳ್ಳೇವಳನ್ನೇ ಕೊಟ್ಟಿದೀರಿ ಅಂತ ಹೇಳೋದು ಬಿಟ್ಟುಹೋಗಿತ್ತು. ಅದಕ್ಕೇ ಬಂದೆ."

ಬುರುಲ್‌ಳ ಅಮ್ಮ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ತುಟಿ ನಡುಗಿತು. "ಬಾಗಿಲಲ್ಲಿ ನಿಂತು ಹೇಳೋ ಮಾತಾ ಇದು? ಒಳಗೆ ಬನ್ನಿ," ಎಂದಳು. ಮಗಳನ್ನು ನೋಡದೆಯೇ ಅವಳ ತೋಳು ಹಿಡಿದು ಒಳಗೆಳೆದಳು.

ಹೆಂಗಸರು ಅಡುಗೆಮನೆಗೆ ಹೋದರು. ಬುರುಲ್ ಬೂಟು ಬಿಚ್ಚುತ್ತ ಹಜಾರದಲ್ಲಿ ಉಳಿದಳು. ಬಾಗಿಲಿನಿಂದ ಕಾಣುವ ಅಂಗಳದಲ್ಲಿ ಜೀಪು ಇರಲಿಲ್ಲ. ಗಾಡಿ ನಿಲ್ಲಿಸುವ ಕಡೆಯೂ ಹಿಮ ತುಂಬಿತ್ತು. ಜೆಂಗಿಶ್ ಬಾಗಿಲಿಗೆ ಒರಗಿ ಸಿಗರೇಟು ಸೇದುತ್ತಿದ್ದ.

"ಗಾಡಿ ಹೋಯ್ತಾ ಅಣ್ಣ?"

"ಹೋಯ್ತು."

"ಯಾರಿಗೆ?"

"ಓಶ್ ಕಡೆಯವನಿಗೆ. ಬಿಚ್ಚಿ ಬಿಡಿಭಾಗ ಮಾರ್ತಾನಂತೆ. ಮುಳುಗಿದ್ದು ಅಂತ ಹೇಳೇ ಕೊಟ್ಟೆ."

ಬುರುಲ್ ತಲೆ ಎತ್ತಿ ಅವನ ಮುಖವನ್ನು ನೋಡಿದಳು. ಅವನು ಹೊಗೆಯ ಆಚೆ, ರಸ್ತೆಯ ಕಡೆ ನೋಡುತ್ತಿದ್ದ.

"ನಂಬಲ್ವಾ?" ಎಂದ.

"ನಂಬಬೇಕು ಅಂತ ಆಸೆ ಇದೆ," ಎಂದು ಅವಳು ಇನ್ನೊಂದು ಬೂಟಿನ ಲೇಸಿಗೆ ಕೈ ಹಾಕಿದಳು.